ಹೆಸರು ಬದಲಾದ ಮಗುವಿನ ತೂಕ

ಇಂದಿನ ಪರಮ ಗಂಭೀರ ವಿಷಯವೆಂದರೆ ಮಗುವಿನ ಎಡಗಾಲಿನ ಚಪ್ಪಲಿ, ಒತ್ತಿದರೆ ಕೀಚೆನ್ನುವ ಹಳದಿ ರಬ್ಬರಿನದು, ಅದು ಕಾಲಲ್ಲಿರುವವರೆಗೆ ತೂಗುವಂತಿಲ್ಲ, ತೆಗೀರಿ ಗಿನೆಮಜ್ಜಿ ಎಂದರೆ ಇರ್ಲಿ ಬಿಡೇ ಕಾಸಿಯಾ, ಅದೇನ್ ಒಂದ್ ಮಣ ಇದ್ಯಾ ಅನ್ನುತ್ತಾಳೆ, ಇಲ್ಲ, ಐವತ್ತು ಗ್ರಾಂ, ಆ ಐವತ್ತು ಗ್ರಾಮಿನಲ್ಲೇ ಮೊಮ್ಮಗನನ್ನು ದಡ ಹತ್ತಿಸುವ ಹುನ್ನಾರ, ನನಗೆ ಗೊತ್ತಿಲ್ಲವೆ — ತೆಗೆದಳು, ಕೊನೆಗೂ. ತೊಲೆಗೆ ಕಟ್ಟಿದ, ದಂಡದ ಮೇಲೆ ಗುಂಡು ಸರಿಸುವ ತಕ್ಕಡಿ, ಅದರ ಕೊಕ್ಕೆಗೆ ಬಟ್ಟೆಯ ಜೋಲಿ, ಜೋಲಿಯಲ್ಲಿ ಕಾಲು ಇಳಿಬಿಟ್ಟ ಒಂದೂವರೆ ವರ್ಷದವನು, ಹೋದ ತಿಂಗಳು ಏಳೂವರೆ ಕಿಲೋ, ಕಾರ್ಡಿನ ಕೆಂಪು ಗೆರೆಯ ಕೆಳಗೆ, ಇಂದೂ ಕೆಳಗೇ ಉಳಿದರೆ ದಾದಿ ಲಿಸ್ತಿಯಾನಿ ಯೋಗ್ಯಕರ್ತ ಪಟ್ಟಣದ ದೊಡ್ಡಾಸ್ಪತ್ರೆಗೆ ಚೀಟಿ ಬರೆಯುತ್ತಾಳೆ, ತಪ್ಪು ನನ್ನದು, ಹನ್ನೊಂದು ವರ್ಷದಿಂದ ಈ ಓಣಿಯ ಮಕ್ಕಳನ್ನು ತೂಗುತ್ತ ಬಂದ ಸ್ವಯಂಸೇವಕಿಯದು. ಹುಟ್ಟಿದಾಗ ವಿಸ್ನುಮೂರ್ತಿ ಜಗದ್ನಾತ ಎಂದಿಟ್ಟರು, ಜ್ವರ ಬಿಟ್ಟು ಬಿಟ್ಟು ಬಂತು, ಹೆಸ್ರು ಭಾರ ಆಯ್ತು ಕೂಸಿಗೆ, ಹೊರೋಕಾಗ್ತಿಲ್ಲ ಅದಕ್ಕೆ, ಎಂದು ಅಜ್ಜಿ ತೀರ್ಪು ಕೊಟ್ಟಳು, ಹೆಸರು ಬದಲಿಸುವ ಶಾಸ್ತ್ರಕ್ಕೆ ಕೆಂಪು ಗಂಜಿ ಬಿಳಿ ಗಂಜಿ ಕಾಯಿಸಿ ಓಣಿಗೆಲ್ಲ ಹಂಚಿ ವಾರಸ್ ಎಂದು ಕರೆದಳು, ಅಂದರೆ ಆರೋಗ್ಯವಂತ — ಗಂಜಿಗೆ ತೆಂಗಿನ ಹಾಲು ಧಾರಾಳವಾಗಿತ್ತು, ಎರಡು ಬಟ್ಟಲು ಮುಗಿಸಿ, ತಿಂದ ಮರ್ಯಾದೆಗೆ, ಹೊಸ ಹೆಸರಿಗೆ ಹೊಸ ಕಾರ್ಡು ಬರೆದುಕೊಟ್ಟೆ. ಅದರಲ್ಲಿ ಒಂದೇ ಚುಕ್ಕೆ. ಒಂಟಿ ಚುಕ್ಕೆ ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಆಮೇಲೆ ಎರಡು ತಿಂಗಳು ಅಜ್ಜಿ ಮಗುವನ್ನು ತರಲೇ ಇಲ್ಲ, ಹೆಸರು ಮೈಗಂಟಲಿ ಎಂದು, ಇತ್ತ ಹಳೆಯ ಹೆಸರಿಗೆ ಹಳ್ಳಿ ಕಚೇರಿಯಿಂದ, ತೂಕ ಕಡಿಮೆಯ ಮಕ್ಕಳಿಗೆಂದು, ಬಂದ ಮೊಟ್ಟೆಗಳನ್ನು ಅಂಥ ಮಗು ಇಲ್ಲಿಲ್ಲವೆಂದು ವಾಪಸು ಕಳಿಸಿದವಳು ನಾನೇ, ರುಜು ಹಾಕಿ, ಅಂದವಾಗಿ. ಲಿಸ್ತಿಯಾನಿ ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ಚುಕ್ಕೆಯಿಂದ ಚುಕ್ಕೆಗೆ ಬೆರಳೆಳೆದಳು, ಕಾಸಿಯಾ ಅವ್ರೇ, ಇವ್ರು ಇಬ್ರಲ್ಲ, ಒಬ್ನೇ, ಇಳೀತಾನೇ ಬಂದಿದಾನೆ ನೋಡಿ, ಎಂದಳು. ಎರಡನ್ನೂ ಸೇರಿಸೋಣವೆಂದರೆ ಅಜ್ಜಿಯ ರಂಪ, ಹಳೇ ಹೆಸ್ರು ಬರೆದ್ರೆ ಕಾಯ್ಲೆ ದಾರಿ ಹುಡುಕ್ಕೊಂಡು ಬರತ್ತೆ, ಹಳ್ಳಿಯ ಮುಖ್ಯಸ್ಥರೇ ಬಂದು ಹಳೆಯ ಹೆಸರು ಪೆನ್ಸಿಲಿನಲ್ಲಿ, ಸಣ್ಣಕ್ಷರದಲ್ಲಿ ಇರಲಿ, ಎಂದು ಪಂಚಾಯಿತಿ ಮುಗಿಸಿದರು, ಪೆನ್ಸಿಲ್ ಆದ್ರೆ ಸರಿ, ಅದಕ್ಕೇನ್ ಭಾರ, ಎಂದಳು ಅಜ್ಜಿ. ಮೊಟ್ಟೆ ಮತ್ತೆ ಬಂತು, ತಾಯಿ ಯಾತ್ಮಿ ಬೆಳಗಾದರೆ ಕಾರ್ಖಾನೆಗೆ, ಅಜ್ಜಿಯೋ ಮೊದಲ ಮೊಟ್ಟೆ ಗಂಡನ ತಟ್ಟೆಗೆ ಎನ್ನುವವಳು, ಆದ್ದರಿಂದ ಅಕ್ಕಪಕ್ಕದವರು ಪಾಳಿಯ ಮೇಲೆ ಬಂದು ಮಗುವಿನ ಬಾಯಿಗಿಟ್ಟು, ನುಂಗಿದ್ದು ನೋಡಿಯೇ ಎದ್ದರು, ತಾತನೂ ಬಾಗಿಲಲ್ಲಿ ನಿಂತು ನೋಡಿದ, ಪಾಪ. ಈಗ ಅಲುಗಾಡಬೇಡವೋ ವಾರಸ್, ದಂಡ ಮೇಲೇಳುತ್ತದೆ, ಗುಂಡು ಒಂದು ಗೀಟು ಆಚೆ, ಬೀಳುತ್ತದೆ, ಈಚೆ, ಅರ್ಧ ಗೀಟು, ಓಣಿಗೆ ಓಣಿಯೇ ಉಸಿರು ಹಿಡಿದಿದೆ, ದಂಡ ನಡುಗುತ್ತದೆ, ದಂಡ, ದಂಡ ಮಟ್ಟಸವಾಗಿ ನಿಂತಿದೆ. ಎಂಟು ಕಿಲೋ. ಕೆಂಪು ಗೆರೆ ದಾಟಿ, ಮೇಲೆ.