ಬಿಂದುವಿನ ಎದೆಯ ಸದ್ದು

ನಮ್ಮ ಯಜಮಾನರು ಮಾದೇಶ ಯಾರನ್ನೂ ನಂಬುವ ಪೈಕಿ ಅಲ್ಲ. ಹಂಗಳದ ಸುತ್ತಮುತ್ತ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವರು. ನಾನು ಕೊಟ್ಟ ಕಾಫಿಯನ್ನೂ ಮೂಸಿಯೇ ಕುಡಿಯುತ್ತಾರೆ. ಅಂಥವರ ಕೈಗೆ ಡಾಕ್ಟರು ವೃಷಭೇಂದ್ರಪ್ಪ ಸಿಕ್ಕರು.

ನಾಲ್ಕು ವರ್ಷದ ಮಗಳು ಬಿಂದುಶ್ರೀ ಸ್ವಲ್ಪ ಓಡಿದರೂ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. ತುಟಿ ನೀಲಿ. ಎದೆಗೆ ಕೈಯಿಟ್ಟರೆ ಒಳಗೆ ಗುರ್ ಎನ್ನುತ್ತಿತ್ತು. ಚಾಮರಾಜನಗರದಲ್ಲಿ ತಪಾಸಣೆ ಮಾಡಿದ ಈ ಡಾಕ್ಟರು ಬಿಡಿಸಿ ಹೇಳಿದರು: "ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗೋ ದಾರಿ ಕಿರಿದಾಗಿದೆ. ಒಳಗೊಂದು ತೂತೂ ಇದೆ. ಆ ಇಕ್ಕಟ್ಟಲ್ಲಿ ರಕ್ತ ನುಗ್ಗೋ ಸದ್ದು ಇದು. ಮೈಸೂರಲ್ಲಿ ಆಪರೇಷನ್ ಮಾಡಿಸಿ, ತಡ ಮಾಡಬೇಡಿ."

ಹೊರಗೆ ಬಂದದ್ದೇ ಇವರ ರಾಗ ಶುರು. "ಎಳೇ ಮೊಗೀನ ಎದೆ ಕುಯ್ಯಕ್ಕೆ ಅದೇನ್ ಆತ್ರ ಆ ವಯ್ಯಂಗೆ? ಏನೋ ಅದೆ ಕಣಮ್ಮಿ ಇದ್ರಲ್ಲಿ." ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಕಾಯಿನ್ ಬೂತಿನಿಂದ ಮೈಸೂರಿಗೆ ಫೋನು ಮಾಡಿ, ಅಲ್ಲಿಯ ಡಾಕ್ಟರು ವೃಷಭೇಂದ್ರಪ್ಪನವರಿಗೆ ನೆಂಟರೇ ಎಂದು ಬೇರೆ ವಿಚಾರಿಸಿದರು. ಅತ್ತು, ಕರೆದು, ಜಗಳವಾಡಿದೆ. ಮನುಷ್ಯ ಜಪ್ಪಯ್ಯ ಅನ್ನಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಮಗಳ ಎದೆಗೆ ಕಿವಿ ಇಡುವುದೇ ಇವರ ಕೆಲಸ. ಮೋಟಾರಿನಲ್ಲಿ ಸದ್ದು ಬಂದರೆ ದೋಷ, ನಿಂತರೆ ರಿಪೇರಿ ಆಯಿತು. ಅದೇ ಲೆಕ್ಕ ಮಗಳಿಗೂ.

ಒಂದು ಬೆಳಿಗ್ಗೆ ಬಿಂದು ಹಟ ಹಿಡಿದು ಅತ್ತೂ ಅತ್ತೂ ಸುಮ್ಮನಾದಳು. ಇವರು ಕಿವಿ ಇಟ್ಟವರೇ ಕುಣಿದುಬಿಟ್ಟರು. "ಪವಿತ್ರಾ! ಸದ್ದು ನಿಂತೋಯ್ತು ಕಣಮ್ಮಿ! ಆ ಡಾಕ್ಟ್ರು ಸುಳ್ಳ ಅಂತ ನಾ ಏಳ್ನಿಲ್ವಾ?" ಬೀದಿಗೆ ಓಡಿ ಸಿಕ್ಕಸಿಕ್ಕವರಿಗೆಲ್ಲ ಹೇಳತೊಡಗಿದರು. ಸುಳ್ಳೇಕೆ ಹೇಳಲಿ, ನನ್ನ ಜೀವವೂ ಒಂದು ಗಳಿಗೆ ಹಿಗ್ಗಿತು. ಆಮೇಲೆ ಮಗುವಿನ ಮುಖ ನೋಡಿದೆ. ತುಟಿ, ನಾಲಿಗೆ, ಉಗುರು ಎಲ್ಲ ಕಪ್ಪಿಟ್ಟಿತ್ತು. ಕತ್ತು ವಾಲಿತ್ತು.

"ಅಯ್ಯೋ ಬಿರ್ನೆ ಬನ್ನಿ, ಮೊಗ ಓಯ್ತದೆ!" ಎಂದು ಕಿರುಚಿದೆ. ಕುಕ್ಕರುಗಾಲಲ್ಲಿ ಕೂತರೆ ಸುಧಾರಿಸಿಕೊಳ್ಳುತ್ತಿದ್ದಳಲ್ಲ, ಅದು ನೆನಪಾಗಿ ಅವಳ ಮಂಡಿಗಳನ್ನು ಅವಳ ಎದೆಗೇ ಒತ್ತಿ ಹಿಡಿದುಕೊಂಡೇ ಆಟೋ ಹತ್ತಿದೆ. ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಜೀವ ಉಳಿಸಿ, ಆಂಬುಲೆನ್ಸಿನಲ್ಲಿ ಚಾಮರಾಜನಗರಕ್ಕೆ ಕಳಿಸಿದರು.

ವೃಷಭೇಂದ್ರಪ್ಪನವರು ಸ್ಟೆತಾಸ್ಕೋಪು ಇಟ್ಟು, "ಸದ್ಯ, ಸದ್ದು ವಾಪಸ್ ಬಂದಿದೆ" ಎಂದರು.

ಇವರು ತಬ್ಬಿಬ್ಬಾದರು. "ಸದ್ದು ಬಂದ್ರೆ ಒಳ್ಳೇದಾ ಸಾ?"

"ರಕ್ತ ಹೋಗ್ತಿದ್ರೆ ತಾನೆ ಸದ್ದು? ದಾರಿ ಬಿಗಿದುಕೊಂಡ್ರೆ ಸದ್ದೂ ನಿಲ್ಲುತ್ತೆ. ಎಷ್ಟು ಹೊತ್ತು ನಿಂತಿತ್ತು?"

"ಗೊತ್ತಿಲ್ಲ ಸಾ. ನಾನು ಬೀದೀಲಿ ವಾಸಿಯಾಯ್ತು ಅಂತ ಸಾರ್ಕೊಂಡು ತಿರುಗ್ತಿದ್ದೆ."

ಬೈಯಬೇಕೆಂದು ಬಾಯಿ ತೆರೆದೆ. ಇವರ ಮುಖ ನೋಡಿ, ಮಗಳ ಹೊದಿಕೆ ಸರಿಮಾಡತೊಡಗಿದೆ.

"ಈಗಲಾದ್ರೂ ನನ್ನ ನಂಬ್ತೀರಾ? ಮೈಸೂರಿಗೆ ಕಳಿಸ್ಲಾ?" ಎಂದರು ಡಾಕ್ಟರು.

"ನಿಮ್ಮ ಮೇಲಲ್ಲ ಸಾ ಈಗ ನಂಗೆ ಗುಮಾನಿ." ಇವರು ಗೋಡೆಯ ಕಡೆ ತಿರುಗಿಕೊಂಡರು. "ನನ್ನ ಕೇಳ್ಬೇಡಿ. ಇವ್ಳ ಕೇಳಿ."

"ಕಳ್ಸಿ ಸಾ" ಅಂದೆ.