ಸೌಖ್ಯ ಬಳಗದ ಗೌರವಾನ್ವಿತ ಸದಸ್ಯ

ಮೂವತ್ತೊಂದು ವರ್ಷ ಕತ್ತರಿ ಹಿಡಿದು ನಿಂತ ಕ್ಷೌರಿಕನಿಗೆ ಎರಡು ಕಾಯಿಲೆ ಬರುತ್ತವೆ. ಒಂದು ಮಂಡಿನೋವು. ಇನ್ನೊಂದು, ಯಾರು ಏನೇ ಹೇಳಲಿ, "ಹೌದೌದು" ಅಂದುಬಿಡುವುದು. ಮೊದಲನೆಯದಕ್ಕೆ ಮುಲಾಮು ಸಿಗುತ್ತದೆ. ಎರಡನೆಯದಕ್ಕೆ ಸಿಗುವುದಿಲ್ಲ, ಏಕೆಂದರೆ ಅದನ್ನು ಯಾರೂ ಕಾಯಿಲೆ ಎಂದು ಕರೆಯುವುದಿಲ್ಲ, ಒಳ್ಳೆಯತನ ಎನ್ನುತ್ತಾರೆ.

ಅಪ್ಪನಿಗೆ ಎರಡೂ ಇದ್ದವು. ಕುರ್ಚಿಯಲ್ಲಿ ಕೂತವನು ಈ ಸರ್ಕಾರ ನಾಳೆಯೇ ಬೀಳುತ್ತದೆ ಎಂದರೆ ಅಪ್ಪ "ಹೌದೌದು" ಅನ್ನುತ್ತಿದ್ದ. ಅವನೆದ್ದು ಹೋಗಿ ಮುಂದಿನವನು ಕೂತು, ಈ ಸರ್ಕಾರವನ್ನು ಇನ್ನು ಇಪ್ಪತ್ತು ವರ್ಷ ಯಾರೂ ಅಲ್ಲಾಡಿಸಲಾರರು ಎಂದರೆ ಅದಕ್ಕೂ "ಹೌದೌದು". ಗಿರಾಕಿಯ ಗಂಟಲ ಮೇಲೆ ಕತ್ತಿ ಆಡಿಸುವಾಗ ವಾದ ಮಾಡಿದರೆ ಆತ ತಲೆ ಅಲ್ಲಾಡಿಸುತ್ತಾನೆ, ಆಮೇಲೆ ಇಬ್ಬರಿಗೂ ಕಷ್ಟ. ಹೀಗೆ ಕಸುಬಿಗಾಗಿ ಕಲಿತ ಮಾತು ಕ್ರಮೇಣ ಮನೆಯಲ್ಲೂ ಬೀದಿಯಲ್ಲೂ ಫೋನಿನಲ್ಲೂ ನಾಲಿಗೆಗೆ ಅಂಟಿಕೊಂಡಿತ್ತು.

ಆ ಅಂಗಡಿಯ ಬೆಂಚಿನ ಮೇಲೆ ಕೂತು ಹೋಂವರ್ಕ್ ಬರೆದು ಬೆಳೆದ ಮಗಳು ಇದನ್ನೆಲ್ಲ ಚೆನ್ನಾಗಿ ಗಮನಿಸಿದ್ದಳು. ಗಣಿತ ಅವಳ ತಲೆಗೆ ಹೋಗಲಿಲ್ಲ. ಆದರೆ ಮರ್ಯಾದಸ್ಥರನ್ನು ಸರಿಯಾದ ರೀತಿಯಲ್ಲಿ ಕೇಳಿದರೆ ಅವರ ಬಾಯಿಂದ ಹೌದು ಬಿಟ್ಟು ಬೇರೇನೂ ಬರುವುದಿಲ್ಲ ಎಂಬ ವಿದ್ಯೆ ಮಾತ್ರ ಚೆನ್ನಾಗಿ ತಲೆಗೆ ಹೋಗಿತ್ತು. ಮುಂದೆ ಅವಳ ಹೊಟ್ಟೆ ಹೊರೆದದ್ದೂ ಅದೇ.

ಅವಳು ಕೆಲಸ ಮಾಡುತ್ತಿದ್ದದ್ದು ಸೌಖ್ಯ ಬಳಗ ಎಂಬ ಸಂಸ್ಥೆಯ ಗ್ರಾಹಕ ಸಂತೃಪ್ತಿ ವಿಭಾಗದಲ್ಲಿ. ಸಂತೃಪ್ತರಾದ ಗ್ರಾಹಕರು ಯಾರೂ ಅಲ್ಲಿಗೆ ಫೋನ್ ಮಾಡಿದ ದಾಖಲೆಯಿಲ್ಲ. ಆನ್‌ಲೈನಿನಲ್ಲಿ ನೀವು ದಿಂಬು ಕೊಳ್ಳಿ, ಬಲ್ಬು ಕೊಳ್ಳಿ, ಬಾಚಣಿಗೆ ಕೊಳ್ಳಿ, ಹಣ ಕಟ್ಟುವ ದೊಡ್ಡ ಹಸಿರು ಗುಂಡಿಯ ಕೆಳಗೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು, ಅದರ ಪಕ್ಕ ಒಂದು ಚೌಕ ಇರುತ್ತಿತ್ತು. ನಿಮಗೆ ಬೆರಳು ನೋಯಬಾರದೆಂಬ ಕರುಣೆಯಿಂದ ಆ ಚೌಕದಲ್ಲಿ ಅವರೇ ಗುರುತು ಹಾಕಿ ಇಟ್ಟಿರುತ್ತಿದ್ದರು. ಅಲ್ಲಿಂದಾಚೆ ನೀವು ಬಳಗದ ಗೌರವಾನ್ವಿತ ಸದಸ್ಯರು. ತಿಂಗಳಿಗೊಮ್ಮೆ ನಿಮ್ಮ ಖಾತೆಯಿಂದ ಹಣ ಹೋಗುತ್ತಿತ್ತು. ತಿಂಗಳಿಗೊಮ್ಮೆ ನಿಮಗೆ "ನೀರು ಕುಡಿಯಿರಿ" ಎಂಬ ಸಂದೇಶ ಬರುತ್ತಿತ್ತು.

ಇದು ಬೇಡವೆಂದು ಫೋನ್ ಮಾಡಿದವರು ಏಳು ಮೆಟ್ಟಿಲು ಹತ್ತಬೇಕಿತ್ತು. ಪ್ರತಿ ಮೆಟ್ಟಿಲಿಗೂ ಒಂದು ಪ್ರಶ್ನೆ. ಮೇಜಿನ ಹಿಂದೆ ಕೂತವರ ಪರದೆಯಲ್ಲಿ ರದ್ದು ಎಂಬ ಗುಂಡಿ ಏಳನೆಯ ಮೆಟ್ಟಿಲಿನವರೆಗೆ ಬೂದುಬಣ್ಣದಲ್ಲಿ ಸತ್ತು ಬಿದ್ದಿರುತ್ತಿತ್ತು. ಮೊದಲೆಲ್ಲ "ರದ್ದು ಮಾಡಲೇಬೇಕೇ?" ಎಂದು ಪೆದ್ದುಪೆದ್ದಾಗಿ ಕೇಳುತ್ತಿದ್ದರು, ಜನ ಹೌದು ಎಂದು ಬಿಡಿಸಿಕೊಂಡು ಹೋಗುತ್ತಿದ್ದರು. ಮಗಳು ಬಂದವಳೇ ಪ್ರಶ್ನೆಗಳನ್ನು ತಿರುಗಿಸಿ ಹಾಕಿದಳು. "ನಿಮ್ಮ ಆರೋಗ್ಯದ ಮೇಲೆ ನಿಮಗೆ ಕಾಳಜಿ ಇದೆ ಅಲ್ಲವೇ?" ಇಲ್ಲ ಅನ್ನುವವನು ಯಾವ ಲೋಕದಲ್ಲಿದ್ದಾನೆ? ಹೌದು ಅಂದರೆ ಒಂದು ಹೊಸ ಯೋಜನೆಗೆ ಒಪ್ಪಿಗೆ ಎಂದು ದಾಖಲಾಗುತ್ತಿತ್ತು, ಮತ್ತು ಅವನು ಮೊದಲ ಮೆಟ್ಟಿಲಿಗೆ ಬಂದು ಬೀಳುತ್ತಿದ್ದ. ಮೂರೇ ತಿಂಗಳಲ್ಲಿ ಅವಳನ್ನು ತರಬೇತುದಾರಳನ್ನಾಗಿ ಮಾಡಿದರು. ದನಿಯನ್ನು ಮೆಚ್ಚಿ ಎಲ್ಲರೂ ಜೇನು ಮೇಡಂ ಎಂದು ಕರೆದರು.

ಅಪ್ಪನಿಗೆ ಗೊತ್ತಿದ್ದದ್ದು ಇಷ್ಟೇ: ಯಾವ ಸಂಸ್ಥೆಯೋ ಏನೋ, ಮಗಳು ಫೋನಿನಲ್ಲಿ ಜನರ ತೊಂದರೆ ಬಗೆಹರಿಸುತ್ತಾಳೆ. "ದಿನಕ್ಕೆ ಎಂಬತ್ತು ಜನರ ಕಷ್ಟ ಕೇಳ್ತಾಳೆ ನಮ್ಮ ಹುಡುಗಿ" ಎಂದು ನೊರೆ ಹಚ್ಚಿಸಿಕೊಂಡು ಓಡಿಹೋಗಲಾರದ ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತಿದ್ದ. ಕೇಳುತ್ತಿದ್ದದ್ದು ನಿಜವೇ ಆಗಿದ್ದರಿಂದ ಮಗಳು ತಿದ್ದಲು ಹೋಗಲಿಲ್ಲ. ಸಂಬಳ ಹೋದರೆ ಇನ್ನೊಂದು ಸಂಬಳ ಹುಡುಕಬಹುದಿತ್ತು. ಆದರೆ ಆ ಮಾತು ಹೇಳುವಾಗ ಅಪ್ಪನ ಮುಖ ಅರಳುತ್ತಿತ್ತಲ್ಲ, ಅದೊಂದನ್ನು ಕಳೆದುಕೊಳ್ಳಲು ಅವಳು ಸುತರಾಂ ತಯಾರಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಊರಿನ ಆ ತುದಿಯಲ್ಲಿದ್ದ ತನ್ನ ಬಾಡಿಗೆ ಮನೆಯಿಂದ ಅವಳು ಅಪ್ಪನನ್ನು ನೋಡಲು ಅಂಗಡಿಗೆ ಬಂದಳು. ಕುರ್ಚಿಯಲ್ಲಿ ಬಟ್ಟೆ ಅಂಗಡಿಯವನು ಮುಖದ ತುಂಬ ನೊರೆ ತುಂಬಿಕೊಂಡು ಕೂತಿದ್ದ. ಬೆಂಚಿನ ಮೇಲೆ ಬಸ್ ಡ್ರೈವರು ಹಳೆಯ ಪತ್ರಿಕೆ ಓದುತ್ತಿದ್ದ. ಅಪ್ಪನ ಕಾಲಡಿಯಲ್ಲಿ ಹೊಸದೊಂದು ದಪ್ಪನೆಯ ರಬ್ಬರ್ ಹಾಸು.

"ಆನ್‌ಲೈನಲ್ಲಿ ತರಿಸಿದೆ," ಅಪ್ಪ ಹೆಮ್ಮೆಯಿಂದ ಅಂದ. "ಇದರ ಮೇಲೆ ನಿಂತ್ರೆ ಮಂಡಿ ನೋಯಲ್ಲ ಅಂತ ಹಾಕಿದ್ರು. ಸುಳ್ಳು ಹೇಳಬಾರದು, ನೋಯಲ್ಲ. ಆದರೆ ಇದರ ಹಿಂದೆ ಏನೋ ಒಂದು ಬಾಲ ಬಂದಿದೆ ಕಣಮ್ಮ."

ಕೈಯೊರೆಸಿಕೊಂಡು ಫೋನ್ ಕೊಟ್ಟ. ಬ್ಯಾಂಕಿನ ಸಂದೇಶಗಳು. ಸೌಖ್ಯ ಬಳಗ. ಸೌಖ್ಯ ಬಳಗ ಚಿನ್ನ. ಕುಟುಂಬ ಸೌಖ್ಯ. ಕಾವಲು. ಮಗಳು ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಓದಿದಳು.

"ಮೊದಲು ಒಂದೇ ಕಟ್ ಆಗ್ತಿತ್ತು. ಬೇಡಪ್ಪ ಅಂತ ಫೋನ್ ಮಾಡಿದೆ. ಎಷ್ಟು ಮರ್ಯಾದೆಯಿಂದ ಮಾತಾಡಿದ್ರು ಅಂತೀಯ! ಮುಂದಿನ ತಿಂಗಳು ಎರಡಾಯ್ತು. ಮತ್ತೆ ಮಾಡಿದೆ. ಇನ್ನೂ ಮರ್ಯಾದೆ. ಮಂಡಿನೋವು ಹೇಗಿದೆ ಅಂತ ಕೂಡ ವಿಚಾರಿಸಿದ್ರು. ಮೂರಾಯ್ತು. ಈಗ ನಾಲ್ಕು."

"ಈ ಕಾವಲು ಯಾಕಪ್ಪ ತಗೊಂಡೆ?" ಮಗಳು ಕೇಳಿದಳು.

"ಖಾತೆಯಿಂದ ಬೇಡದ ಹಣ ಕಟ್ ಆದ್ರೆ ಅದು ಎಚ್ಚರಿಸುತ್ತಂತೆ."

"ಎಚ್ಚರಿಸಿತಾ?" ಡ್ರೈವರು ಪತ್ರಿಕೆ ಕೆಳಗಿಟ್ಟು ಕೇಳಿದ.

"ಹೂಂ. ಕಾವಲಿನ ಹಣ ಕಟ್ ಆಗಿದೆ ಅಂತ ಎಚ್ಚರಿಸಿತು."

ಬಟ್ಟೆ ಅಂಗಡಿಯವನು ನಕ್ಕು ನೊರೆಯನ್ನು ಕನ್ನಡಿಗೆ ಸಿಡಿಸಿದ. "ಊರಿನವರ ತಲೆಯೆಲ್ಲ ನಿನ್ನ ಕೈಯಲ್ಲಿದೆ, ನಿನ್ನ ತಲೇನೇ ಯಾರೋ ನುಣ್ಣಗೆ ಬೋಳಿಸಿದ್ದಾರಲ್ಲೋ!"

"ಹೌದೌದು," ಅಂದ ಅಪ್ಪ.

ಮಗಳಿಗೆ ನಗು ಬರಲಿಲ್ಲ. ಕಾವಲು ಎಂಬ ಯೋಜನೆಗೆ ಆ ಹೆಸರು ಸೂಚಿಸಿದ್ದು ಅವಳೇ. ಅಂದು ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಕೇಕು ಕೂಡ ತರಿಸಿದ್ದರು.

"ನೀನೇ ಒಂದ್ಸಲ ಮಾತಾಡು," ಅಪ್ಪ ಅಂದ. "ಆ ಕಡೆ ನಿನ್ನಂಥೋಳು ಒಬ್ಬಳು ಇದ್ದಿದ್ರೆ ನನಗೆ ಈ ಗತಿ ಬರ್ತಿರಲಿಲ್ಲ."

"ನಾಳೆ ಆಫೀಸಿಂದ ಮಾಡ್ತೀನಿ ಬಿಡಪ್ಪ. ಇವತ್ತು ಭಾನುವಾರ, ಯಾರೂ ಇರಲ್ಲ."

"ಇರ್ತಾರೆ. ಇಪ್ಪತ್ತನಾಲ್ಕು ಗಂಟೆ ಸೇವೆ ಅಂತ ಹಾಕಿದ್ದಾರೆ ನೋಡು."

"ಸ್ಪೀಕರ್ ಹಾಕಮ್ಮ," ಡ್ರೈವರು ಕಾಲು ಚಾಚಿ ಕೂತ. "ಹೇಗೆ ಬಿಡಿಸ್ತೀಯ ನಾವೂ ಕಲಿತುಕೊಳ್ಳೋಣ. ನಿಮ್ಮಪ್ಪ ಹೊಗಳಿ ಹೊಗಳಿ ನಮ್ಮ ಕಿವಿ ತೂತಾಗಿದೆ."

ಆಗಲ್ಲ ಅನ್ನಲು ಅವಳಿಗೊಂದು ಕಾರಣ ಸಿಗಲಿಲ್ಲ. ಫೋನನ್ನು ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟು, ಯಾರು ಎತ್ತಿಕೊಂಡರೂ ಸರಿ, ಮೇಷ್ಟ್ರು ಮಾತ್ರ ಎತ್ತದಿರಲಿ ಎಂದು ಹಾರೈಸುತ್ತ ನಿಂತಳು. ಮೇಷ್ಟ್ರು ಎಂದರೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿ, ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದವರು. ಅವಳು ಹೇಳಿದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡು, ಮುಖ್ಯವಾದದ್ದಕ್ಕೆ ಕೆಂಪು ಗೆರೆ ಎಳೆದುಕೊಳ್ಳುವ ಅವಳ ಅತ್ಯುತ್ತಮ ಶಿಷ್ಯ. ಅವಳ ದನಿಯನ್ನು ಅವರಷ್ಟು ಶ್ರದ್ಧೆಯಿಂದ ಕೇಳಿದವರು ಇನ್ನೊಬ್ಬರಿಲ್ಲ.

ಮೇಷ್ಟ್ರೇ ಎತ್ತಿದರು.

"ನಮಸ್ಕಾರ. ಇವತ್ತು ಆರೋಗ್ಯವಾಗಿದ್ದೀರಿ ತಾನೇ?"

ಮಗಳು ದನಿಯನ್ನು ಹಿಂಡಿ ಕೀರಲು ಮಾಡಿಕೊಂಡಳು. "ಅದು ಬೇಡ. ಈ ನಂಬರಿನ ಮೇಲೆ ನಾಲ್ಕು ಯೋಜನೆ ಇವೆ. ನಾಲ್ಕನ್ನೂ ರದ್ದು ಮಾಡಿ."

ಅಪ್ಪನಿಗೆ ಕಸಿವಿಸಿಯಾಯಿತು. "ಪಾಪ, ವಿಚಾರಿಸ್ತಿದ್ದಾರೆ. ಚೆನ್ನಾಗಿದ್ದೀನಿ ಅನ್ನು," ಎಂದು ಪಿಸುಗುಟ್ಟಿದ.

"ಖಂಡಿತ. ತಮ್ಮಂಥ ಸದಸ್ಯರ ಸೇವೆಯೇ ನಮ್ಮ ಭಾಗ್ಯ," ಮೇಷ್ಟ್ರು ಪಾಠ ಒಪ್ಪಿಸಿದರು. "ಮನೆಯವರ ನೆಮ್ಮದಿ ತಮಗೂ ಮುಖ್ಯ ಅಲ್ಲವೇ?"

"ಅದನ್ನ ಮಾತಾಡೋಕೆ ಫೋನ್ ಮಾಡಿಲ್ಲ. ರದ್ದು ಮಾಡಿ."

"ನಾನು ಹೇಳ್ತಿರೋದು ಸ್ಪಷ್ಟವಾಗಿ ಕೇಳಿಸ್ತಿದೆ ತಾನೇ?"

ಮಗಳು ಹಲ್ಲು ಕಚ್ಚಿ ಸುಮ್ಮನಿದ್ದಳು. ಎದುರಿನವನು ಇಷ್ಟು ವಿನಯದಿಂದ ಕೇಳುತ್ತಿರುವಾಗ ಸುಮ್ಮನಿರುವುದು ಯಾವ ಸೀಮೆಯ ಮರ್ಯಾದೆ? ಅಪ್ಪನಿಗೆ ತಡೆಯಲಾಗಲಿಲ್ಲ. ಕತ್ತಿ ಹಿಡಿದುಕೊಂಡೇ ಫೋನಿನತ್ತ ಬಗ್ಗಿ, "ಹೌದೌದು, ಚೆನ್ನಾಗಿ ಕೇಳಿಸ್ತಿದೆ," ಅಂದ.

"ಧನ್ಯವಾದಗಳು! ತಮ್ಮ ಒಪ್ಪಿಗೆ ದಾಖಲಾಗಿದೆ. ಐದನೆಯದಾಗಿ ಸೌಖ್ಯ ಬಳಗ ವಜ್ರ ಯೋಜನೆಗೆ ತಮಗೆ ಸ್ವಾಗತ."

ಮಗಳ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. "ಯಾವ ಒಪ್ಪಿಗೆ? ಖಾತೆ ಯಾರದು ಅಂತ ಕೇಳಿಕೊಳ್ಳದೆ ತಗೊಂಡ ಹೌದು ಮೂರನೇ ಮೆಟ್ಟಿಲಲ್ಲಿ ಲೆಕ್ಕಕ್ಕೆ ಬರಲ್ಲ! ಹಿಂದಕ್ಕೆ ಹೋಗಿ. ಎಡಗಡೆ ಕೆಳಗೆ ಮೇಲ್ವಿಚಾರಣೆ ಅಂತಿದೆ, ಅದನ್ನ ಒತ್ತಿ, ನೇರ ಏಳಕ್ಕೆ ಬನ್ನಿ. ಹನ್ನೆರಡು ಸೆಕೆಂಡು ಮಾತ್ರ ತೆರೆದಿರುತ್ತೆ, ಐದನ್ನೂ ಒಟ್ಟಿಗೆ ಗುರುತು ಮಾಡಿ ರದ್ದು ಒತ್ತಿ!"

ಕೋಪದಲ್ಲಿ ದನಿ ಕೀರಲು ಮಾಡುವುದು ಮರೆತೇಹೋಗಿತ್ತು. ಆ ಕಡೆ ಗುಂಡಿಗಳ ಟಕಟಕ.

"ಐದೂ ರದ್ದಾಯ್ತು," ಮೇಷ್ಟ್ರು ಅಂದರು. ಅವರ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಜೇನು ಮೇಡಂ, ನೀವೇ ಅಲ್ವಾ? ಭಾನುವಾರ ಪರೀಕ್ಷೆ ಕರೆ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಹೇಗಿತ್ತು ಮೇಡಂ? ಹಿಂದಿನಿಂದ ವಯಸ್ಸಾದವರ ದನಿ ಬಂದ ತಕ್ಷಣ ಹಿಡಿದುಬಿಟ್ಟೆ. ನೀವು ತರಗತಿಯಲ್ಲಿ ನಿಮ್ಮ ತಂದೆಯವರ ಉದಾಹರಣೆ ಕೊಟ್ಟಿದ್ರಲ್ಲ, ಯಾರು ಏನು ಕೇಳಿದ್ರೂ ಹೌದು ಅಂತಾರೆ, ಅಂಥವರೇ ನಮ್ಮ ಅನ್ನದಾತರು ಅಂತ? ಅದಕ್ಕೆ ಕೆಂಪು ಗೆರೆ ಹಾಕಿಕೊಂಡಿದ್ದೀನಿ ಮೇಡಂ."

ಮಗಳು ಫೋನ್ ಆರಿಸಿದಳು.

ಡ್ರೈವರು ಜೇಬಿನಿಂದ ತನ್ನ ಫೋನ್ ತೆಗೆದು, ಬ್ಯಾಂಕಿನ ಸಂದೇಶಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸತೊಡಗಿದ. ಒಂದು ಕಡೆ ಅವನ ಬೆರಳು ನಿಂತಿತು. ಅವನು ತಲೆಯೆತ್ತಿ ಮಗಳನ್ನು ನೋಡಿದ, ಚಪ್ಪಲಿ ಮೆಟ್ಟಿಕೊಂಡು ಕ್ಷೌರ ಮಾಡಿಸಿಕೊಳ್ಳದೆಯೇ ಹೊರಟುಹೋದ.

ಅಪ್ಪ ಒಣಗಿದ ನೊರೆಯ ಮೇಲೆ ಮತ್ತೆ ನೊರೆ ಹಚ್ಚಿ, ಅರ್ಧಕ್ಕೆ ಬಿಟ್ಟ ಕೆನ್ನೆಯನ್ನು ಮುಗಿಸಿದ. ಬಟ್ಟೆ ಅಂಗಡಿಯವನು ದುಡ್ಡು ಹಲಗೆಯ ಮೇಲಿಟ್ಟು, ಯಾವತ್ತೂ ಇಲ್ಲದ ಸೌಜನ್ಯದಿಂದ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಹೋದ. ದಿನಕ್ಕೆ ಎಂಬತ್ತು ಜನರಿಗೆ ಸಮಾಧಾನ ಹೇಳುವವಳಿಗೆ ನಾಚಿಕೆಯಾಗಿತ್ತು, ಮತ್ತು ನಾಚಿಕೆಗೆ ಯಾವ ಮೆಟ್ಟಿಲಿನಲ್ಲೂ ಒಂದು ಸಾಲು ಬರೆದಿಟ್ಟಿರಲಿಲ್ಲ.

"ಎಲ್ಲಾ ರದ್ದಾಯ್ತಪ್ಪ," ಕೊನೆಗೆ ಅಂದಳು. "ಇನ್ನು ಏನೂ ಕಟ್ ಆಗಲ್ಲ. ಹೋಗಿದ್ದೂ ವಾಪಸ್ ಬರೋ ಹಾಗೆ ಮಾಡ್ತೀನಿ."

ಅಪ್ಪ ಕತ್ತಿಯನ್ನು ತೊಳೆದು, ಒರೆಸಿ, ಮಡಚಿ ಇಟ್ಟ. ನೆಲದ ಕೂದಲನ್ನು ಗುಡಿಸಿ ಒಂದು ಕಡೆ ಮಾಡಿದ. ರಬ್ಬರ್ ಹಾಸನ್ನು ಎತ್ತಿ ಕೊಡವಿ ಅಲ್ಲೇ ಹಾಸಿದ.

"ಅಪ್ಪ, ಬೈಯಾದ್ರೂ ಬೈ."

ಬೈಯುವುದು ಅವನಿಗೆ ಅಭ್ಯಾಸವಿರಲಿಲ್ಲ. ಕೊಂಕಾಡುವುದಂತೂ ಬರುತ್ತಲೇ ಇರಲಿಲ್ಲ. ಅವನು ಪೊರಕೆಯನ್ನು ಮೂಲೆಗೆ ಒರಗಿಸಿದ. ಮಗಳು ಕಣ್ಣೊರೆಸಿಕೊಂಡು ಹತ್ತಿರ ಬಂದಳು.

"ಮಧ್ಯಾಹ್ನ ಆಯ್ತು. ನನ್ನ ಮನೆಗೆ ಬಾರಪ್ಪ, ಒಟ್ಟಿಗೆ ಊಟ ಮಾಡೋಣ. ನಾನೇ ಅಡುಗೆ ಮಾಡ್ತೀನಿ. ಬರ್ತೀಯಲ್ಲ?"

ಅಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿದ. ಕನ್ನಡಿಯಲ್ಲಿ ಅವಳ ಮುಖವನ್ನು ತುಂಬ ಹೊತ್ತು ನೋಡಿದ. ಆಮೇಲೆ, ಮೊದಲ ಸಲ ಅಂಗಡಿಗೆ ಬಂದ ಅಪರಿಚಿತರ ಹತ್ತಿರ ಮಾತಾಡುವಷ್ಟೇ ನಯವಾಗಿ ಕೇಳಿದ:

"ಊಟ ಮಾತ್ರಾನಾ, ಅಥವಾ ಅದರ ಜೊತೆ ಇನ್ನೇನಾದ್ರೂ ಇದೆಯಾ ಮಗಳೇ? ಇದ್ರೆ ಮೊದಲೇ ಹೇಳಿಬಿಡು."

ಹಾಗೆ ಕೇಳಿ, ಅವಳ ಉತ್ತರಕ್ಕಾಗಿ ಕಾಯುತ್ತ ನಿಂತ.