ಅಜ್ಜಿಯ ಪಾದ ನೆಲ ಮುಟ್ಟುವ ಕಾರು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳು, ಮಂಡಿ ಬಗ್ಗದ ಒಬ್ಬ ರಾಣಿ ಇದ್ದಳು. ಅವಳು ನಮ್ಮಜ್ಜಿ. ಊರಿನ ಆ ತುದಿಯಲ್ಲಿ ಅವಳ ತಂಗಿ ಹಾಸಿಗೆ ಹಿಡಿದಿದ್ದಳು. ಅಕ್ಕತಂಗಿಯರು ಮುಖ ನೋಡಿಕೊಂಡು ಮೂರು ವರ್ಷವಾಗಿತ್ತು. ಒಮ್ಮೆ ಬಾಡಿಗೆ ಕಾರಿನ ಸೀಟಿನಲ್ಲಿ ಹೂತುಹೋದ ಅಜ್ಜಿಯನ್ನು ಮೂವರು ಸೇರಿ ಎಳೆದು ತೆಗೆದಿದ್ದರು. ಅಂದಿನಿಂದ ಅವಳು ಯಾವ ಕಾರನ್ನೂ ಹತ್ತಿರಲಿಲ್ಲ.

"ತಿಂಗಳು ಮುಗಿಯೋದರೊಳಗೆ ನಿನಗೆ ಸರಿಯಾದ ಕಾರು ತಂದು ಚಿಕ್ಕಜ್ಜಿ ಬಾಗಿಲಲ್ಲಿ ಇಳಿಸ್ತೀನಿ" ಎಂದು ನಾನು ಮಾತು ಕೊಟ್ಟೆ. ಮನೆಯಲ್ಲಿ ಲೈಸೆನ್ಸ್ ಇದ್ದದ್ದು ನನಗೊಬ್ಬಳಿಗೇ.

ನಮ್ಮದು ಹೊಲಿಗೆ ಅಂಗಡಿ. ಅಪ್ಪ ಬಟ್ಟೆ ಕತ್ತರಿಸುತ್ತಾನೆ, ನಾನು ಹೊಲಿಯುತ್ತೇನೆ. ಹಾಗಾಗಿ ಟೇಪು ತೆಗೆದುಕೊಂಡೆ. ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಏಳುವುದು ತನ್ನ ಮರದ ಕುರ್ಚಿಯಿಂದ ಮಾತ್ರ. ಅದರ ಎತ್ತರವನ್ನು ಅಳತೆ ಪುಸ್ತಕದಲ್ಲಿ ಬರೆದೆ: ಇಪ್ಪತ್ತು ಇಂಚು.

ಶೋರೂಮಿನ ಹೊಸ ಕಾರು ಕನ್ನಡಿಯಂತಿತ್ತು. ನೆಲದಿಂದ ಸೀಟು ಹದಿನಾರೇ ಇಂಚು. "ಇದರೊಳಗೆ ಸ್ವಲ್ಪ ಸ್ಪಂಜು ತುಂಬಬಹುದಾ?" ಎಂದೆ. ಅಲ್ಲಿನ ಹುಡುಗಿ ಗಾಬರಿಯಾದಳು. "ಸೀಟಿನ ಹೊಲಿಗೆ ಬಿಚ್ಚಿದರೆ ವಾರಂಟಿ ಹೋಗುತ್ತೆ ಮೇಡಂ."

ಹಳೇ ಕಾರು ಮಾರುವವನಿಗೆ ಪೇಟೆಯಲ್ಲಿ ಗ್ಯಾರಂಟಿ ಮಾಮ ಎಂದೇ ಹೆಸರು. ಅವನ ಹತ್ತಿರವಿದ್ದ ಬೂದು ಬಣ್ಣದ ಕಾರಿನ ಬಾಗಿಲು ನರಳುತ್ತಿತ್ತು, ಸೀಟು ಮಾತ್ರ ಸರಿಯಾಗಿ ಇಪ್ಪತ್ತು.

"ಗ್ಯಾರಂಟಿ ಕೊಡ್ತೀರಾ ಮಾಮ?"

"ಬಾಗಿಲು ಕೂಗುತ್ತೆ ಅನ್ನೋದಕ್ಕೆ ಕೊಡ್ತೀನಮ್ಮ."

ಮನೆಗೆ ಬಂದರೆ ತಲೆ ಕೆಟ್ಟುಹೋಯಿತು. "ಯಾರೋ ಓಡಿಸಿ ಬಿಟ್ಟಿದ್ದು ನಮಗ್ಯಾಕೆ?" ಎಂದ ಅಪ್ಪ. "ಹಳೇದಕ್ಕೆ ದಾರಿ ಗೊತ್ತಿರುತ್ತೆ ಕಣೋ" ಎಂದಳು ಅಜ್ಜಿ. ಮರುದಿನ ಅಪ್ಪ ಹಳೆಯದರ ಕಡೆ ವಾಲಿದ. ಅಜ್ಜಿಗೆ ಹೊಸ ಕಾರಿನ ವಾಸನೆ ಹೇಗಿರುತ್ತೋ ನೋಡಬೇಕೆನಿಸಿತು. ನಾನು ಇಬ್ಬರ ಮಾತಿಗೂ ತಲೆಯಾಡಿಸಿದೆ. ಕನಸಿನಲ್ಲಿ ಎರಡೂ ಕಾರುಗಳು ಬಾಯಿ ಬಿಟ್ಟು "ನನ್ನ ಹತ್ತು, ನನ್ನ ಹತ್ತು" ಎಂದವು. ನಾನು ನಡುವೆ ನಿಂತು ಟೇಪು ಸುತ್ತುತ್ತಿದ್ದೆ.

ಕೊನೆಗೆ ಇಪ್ಪತ್ತನ್ನೇ ನಂಬಿ ಹಳೆಯದನ್ನು ಕೊಂಡು ತಂದೆ. ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು. ಅಜ್ಜಿ ತೆರೆದ ಬಾಗಿಲಿಗೆ ಬೆನ್ನು ಮಾಡಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು, ಕಾಲು ಹೊರಗೇ ಬಿಟ್ಟು ಕಷ್ಟಪಟ್ಟು ಕೂತಳು. ಪಾದಗಳೆರಡೂ ಗಾಳಿಯಲ್ಲಿ ನೇತಾಡಿದವು.

"ಇಳಿಸ್ರೋ ನನ್ನ. ಇದು ಕಾರಲ್ಲ, ಅಟ್ಟ."

ಇಳಿದವಳು ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ನಾನು ಕುರ್ಚಿಯನ್ನು ಇನ್ನೊಮ್ಮೆ ಅಳೆದೆ. ಹದಿನೆಂಟು. ಪುಸ್ತಕ ನೋಡಿದೆ. ಇಪ್ಪತ್ತು. ಕುರ್ಚಿ ಕುಗ್ಗಿತೋ, ನನಗೆ ಬುದ್ಧಿ ಕುಗ್ಗಿತೋ ತಿಳಿಯಲಿಲ್ಲ. ಅಪ್ಪ ಪುಟದ ಮೇಲೆ ಬೆರಳಿಟ್ಟ.

"ಹೊಲಿಗೆಗೆ ಅಂತ ಎರಡಿಂಚು ಸೇರಿಸಿದ್ದೀಯಲ್ಲೇ. ಕುರ್ಚಿಗೆ ಲಂಗ ಹೊಲಿಯೋಕೆ ಹೊರಟಿದ್ದೆಯಾ?"

ಬಟ್ಟೆಯ ಅಳತೆಗೆ ಹೊಲಿಗೆಯ ಅಂಚು ಸೇರಿಸಿ ಬರೆಯುವುದು ಹತ್ತು ವರ್ಷದ ಅಭ್ಯಾಸ. ಕೈ ತಾನಾಗಿ ಬರೆದಿತ್ತು. ಹಾಗಾದರೆ ಹೊಸದು ಎರಡಿಂಚು ಕಡಿಮೆ, ಹಳೆಯದು ಎರಡಿಂಚು ಜಾಸ್ತಿ. ನನಗೆ ಅಳುವೇ ಬಂತು. "ವಾಪಸ್ ಕೊಡೋಣವಾ ಅಪ್ಪ? ಹೊಸದೇ ತಗೊಂಡು ಮೇಲೊಂದು ದಿಂಬು..."

"ದಿಂಬು ಜಾರಿದರೆ ನಿಮ್ಮಜ್ಜಿನೂ ಜಾರ್ತಾಳೆ. ಆ ಸೀಟು ಬಿಚ್ಚೋ ಹಾಗಿಲ್ಲ ಅಂದ್ರಲ್ಲ. ಇದನ್ನ ಬಿಚ್ಚಿದರೆ ಯಾರು ಕೇಳ್ತಾರೆ?" ಎನ್ನುತ್ತಾ ಅಪ್ಪ ದೊಡ್ಡ ಕತ್ತರಿ ತಂದ.

ಮರುದಿನ ಅಂಗಡಿ ತೆರೆಯಲಿಲ್ಲ. ಸೀಟಿನ ಹೊದಿಕೆ ಬಿಚ್ಚಿದೆವು. ಅಪ್ಪ ಸ್ಪಂಜನ್ನು ಎರಡಿಂಚು ಕೊಯ್ದ, ನಾನು ಹೊದಿಕೆಯನ್ನೂ ಅಷ್ಟೇ ಹಿಡಿದು ಹೊಲಿದೆ. ಈ ಸಲ ಏನನ್ನೂ ಸೇರಿಸಲಿಲ್ಲ.

ಅಜ್ಜಿಯನ್ನು ಕೂರಿಸಲು ಅರ್ಧ ಗಂಟೆ ಪುಸಲಾಯಿಸಬೇಕಾಯಿತು. ಕೂತಳು. ಎರಡೂ ಪಾದ ನೆಲಕ್ಕೂರಿದವು. ಎದ್ದಳು. ಮತ್ತೆ ಕೂತಳು.

"ಹೊಸದೇ ತಗೋಬೇಕಿತ್ತೇನೋ" ಎಂದಳು.

"ಸುಮ್ನಿರಜ್ಜಿ" ಎಂದು ಗಾಡಿ ಎಬ್ಬಿಸಿದೆ. ದಾರಿಯುದ್ದಕ್ಕೂ ನನಗೂ ಅದೇ ಅನುಮಾನ.

ಚಿಕ್ಕಜ್ಜಿಯ ಮನೆ ಮುಂದೆ ನಿಲ್ಲಿಸಿ ಕೈ ಚಾಚಿದೆ. ಅಜ್ಜಿ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ ತಾನೇ ಇಳಿದಳು.